ಎಲ್ಲಿಗೆ ಅಂತ ಕೇಳುತ್ತಿದ್ದ ಆಯಮ್ಮ

ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳಬಾರದು. ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ತೀರಾ ಕೇಳಲೇಬೇಕು ಅಂದರೆ ‘ದೂರ ಹೊಂಟ್ರಾ?’ ಅನ್ನಬೇಕು. ಅಪ್ಪಿತಪ್ಪಿ ಯಾರಾದರೂ ‘ಎಲ್ಲಿಗೆ?’ ಅಂದುಬಿಟ್ಟರೆ ಹೊರಟವನು ವಾಪಸ್ ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಆಮೇಲೆ ಹೊಸದಾಗಿ ಹೊರಡಬೇಕು. ಇಲ್ಲದಿದ್ದರೆ ಹೋದ ಕೆಲಸ ಕೆಡುತ್ತೆ ಅಂತ. ಇಷ್ಟೆಲ್ಲ ಗೊತ್ತಿದ್ದೂ ಅರವತ್ತು ದಾಟಿದ ಹೆಂಗಸೊಬ್ಬಳು ಆಫೀಸಿನ ಗೇಟಿಗೆ ಅಡ್ಡ ಬಂದು, ನಾನು ಜೀಪು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು, ‘ಎಲ್ಲಿಗೆ ಹೊಂಟ್ರಿ ಸ್ವಾಮಿ?’ ಅಂತ ಕೇಳುತ್ತಿದ್ದಳು ಅಂದರೆ ನನಗೆ ಎಷ್ಟು ಉರಿದಿರಬೇಕು, ನೀವೇ ಹೇಳಿ.

ನಮ್ಮ ಸಾಹೇಬರಿಗೆ ಶಕುನದ ಹುಚ್ಚು ಬೇರೆ. ‘ಥೂ, ಶುರುವಾಯ್ತಲ್ಲಪ್ಪ ಇವಳದ್ದು! ಆಫ್ ಮಾಡಯ್ಯ’ ಅಂದು ಇಳಿದು ಒಳಗೆ ಹೋಗುವರು. ನೀರು ಕುಡಿಯುವರು. ಫ್ಯಾನಿನ ಕೆಳಗೆ ಕೂರುವರು. ಅಷ್ಟರಲ್ಲಿ ಯಾವುದೋ ಫೋನು ಬಂದು ಐದು ನಿಮಿಷ ಅರ್ಧ ಗಂಟೆಯಾಗುವುದು. ಮತ್ತೆ ಬಂದು ಕೂತು, ನಾನು ಕೀ ತಿರುಗಿಸಿದರೆ, ಮತ್ತೆ ಅದೇ ಕೈ ಬಾನೆಟ್ ಮೇಲೆ. ‘ಎಲ್ಲಿಗೆ ಹೊಂಟ್ರಿ ಸ್ವಾಮಿ?’ ಅಯ್ಯೋ ನನ್ನ ಕರ್ಮವೇ! ಒಂದೊಂದು ದಿನ ಗೇಟು ದಾಟುವಷ್ಟರಲ್ಲಿ ನನ್ನ ಬೆಳಗಿನ ತಿಂಡಿ ಕರಗಿ ಹೋಗಿರುತ್ತಿತ್ತು.

ನಾನು ಸರ್ಕಾರಿ ಆಫೀಸೊಂದರಲ್ಲಿ ಗುತ್ತಿಗೆ ಡ್ರೈವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಗೇರ್ ಬದಲಾಯಿಸದ ತಿರುವು ಕಡಿಮೆ. ಯಾವ ಆಫೀಸು ಅಂತ ಮಾತ್ರ ಹೇಳಲ್ಲ. ನಾನೂ ಇನ್ನೂ ಅನ್ನ ತಿನ್ನಬೇಕು. ಆಯಮ್ಮನ ಹೆಸರೂ ಹೇಳಲ್ಲ. ಬದುಕಿದ್ದಾಗ ಅರ್ಜಿಗಳಲ್ಲಿ ಬರೆಸಿ ಬರೆಸಿ ಆ ಹೆಸರು ಸವೆದು ಹೋಗಿದೆ, ಪಾಪ, ಇನ್ನಾದರೂ ಸುಮ್ಮನಿರಲಿ.

ಹುಟ್ಟಿದ್ದು ಆಂಧ್ರದ ಗಡಿಯ ವೈ.ಎನ್.ಹೊಸಕೋಟೆ ಕಡೆ. ಕೊಟ್ಟಿದ್ದು ಈ ಕಡೆ ಒಂದು ಹಳ್ಳಿಗೆ. ಅದಕ್ಕೇ ಸಮಾಧಾನವಾಗಿದ್ದಾಗ ನಮ್ಮ ಮಾತು, ಸಿಟ್ಟು ಬಂದರೆ ತೆಲುಗು. ಗಂಡ ಹಿಂದೆಯೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮಣ್ಣಿನ ಗೋಡೆಯ ಮನೆ ಒಂದಿತ್ತು, ಅದೂ ಒಂದು ಸಲದ ಜಡಿಮಳೆಗೆ ನೆನೆದು ನೆನೆದು ಒಂದು ಮಧ್ಯಾಹ್ನ ಕೂತುಬಿಟ್ಟಿತು. ಆಯಮ್ಮ ಆಗ ಕೂಲಿಗೆ ಹೋಗಿದ್ದಳು. ಬಂದು ನೋಡಿದರೆ ಗುಡ್ಡೆ ಮಣ್ಣು, ಅದರ ಮೇಲೆ ನಾಲ್ಕು ತೊಲೆ.

ಮೊದಲು ಮೈದುನನ ಮಗನ ಮನೆ ಸೇರಿಕೊಂಡಳು. ಅವನ ಹೆಂಡತಿ ಕೆಟ್ಟವಳೇನಲ್ಲ, ಅನ್ನ ಹಾಕಿದಳು. ಆದರೆ ಒಂದು ಸಲ ಆಯಮ್ಮನಿಗೆ ಜ್ವರ ಬಂದು ಏಳಲಾಗದೆ ಮಲಗಿದಾಗ, ಆ ಸೊಸೆ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಲೇ ಹೇಳಿದಳಂತೆ: ‘ದೊಡ್ಡಮ್ಮ, ಬೇಜಾರು ಮಾಡ್ಕಬ್ಯಾಡ. ನಿಂಗೇನಾದ್ರೂ ಆಗೋದಿದ್ರೆ ಇಲ್ ಬ್ಯಾಡ. ಮನೇಲಿ ಮದ್ವೆಗೆ ಬಂದಿರೋ ಮಗ್ಳು ಅವ್ಳೆ.’ ಗಂಜಿ ಪೂರ್ತಿ ಕುಡಿದು, ಜ್ವರದಲ್ಲೇ ಗಂಟು ಎತ್ತಿಕೊಂಡು ಆಯಮ್ಮ ಊರ ಶಾಲೆಯ ಜಗುಲಿಗೆ ಬಂದಳು. ಆಮೇಲೆ ಅಲ್ಲೇ ಉಳಿದಳು.

ಇದನ್ನು ಆಯಮ್ಮನೇ ನನಗೆ ಹೇಳಿದ್ದು, ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಕೂತು. ನನಗೆ ಕೇಳಿಯೇ ಸಿಟ್ಟು ಬಂತು. ಆಯಮ್ಮನಿಗೆ ಬರಲಿಲ್ಲ.

‘ಅವಳ್ದೇನ್ ತೆಪ್ಪಪ್ಪ ಅದ್ರಾಗೆ? ಯಾರ ಹೆಣ ಅವರ ಹೊಸ್ಲಿಂದ್ಲೇ ಆಚಿಗ್ ಹೋಗಬೇಕು. ನಮ್ಮತ್ತೆ ಅಂಗೇ ಹೋದ್ರು. ನಮ್ಮ ಯಜಮಾನ್ರು ಅಂಗೇ ಹೋದ್ರು. ಇನ್ನೊಬ್ರ ಮನೆ ಹೊಸ್ಲಿಗೆ ಸೂತಕ ಅಂಟಿಸಿ ಹೋಗಕ್ಕೆ ನಾನೇನ್ ದಿಕ್ಕಿಲ್ದೋಳಾ? ನಂಗೂ ಒಂದು ಹೊಸ್ಲು ಬೇಕು. ಬಾಳಾಕಲ್ಲ ಕಣಪ್ಪ, ಬಾಳಿದ್ದಾಯ್ತು. ಹೊಸ್ಲು ಒಂದು ಆಗೋಗ್ಲಿ, ಸಾಯದೇನು, ಒಂದಿನದ ಕೆಲ್ಸ.’

ಹೀಗೆ ಹೇಳಿ ನಕ್ಕಳು. ನಾನು ನಗಲಿಲ್ಲ.

ಮನೆ ಕೊಡೋದಕ್ಕೆ ಸರ್ಕಾರದ ಯೋಜನೆ ಇಲ್ಲದೆ ಇಲ್ಲ. ಅರ್ಜಿಯೂ ಸರಿಯಾಗಿತ್ತು. ಬಾಕಿ ಇದ್ದದ್ದು ಒಂದೇ ಕೆಲಸ: ಆಫೀಸಿನವರು ಯಾರಾದರೂ ಆ ಊರಿಗೆ ಹೋಗಿ, ಬಿದ್ದ ಮನೆ ಕಣ್ಣಾರೆ ನೋಡಿ, ಅದರ ಮುಂದೆ ಆಯಮ್ಮನನ್ನು ನಿಲ್ಲಿಸಿ ಮೊಬೈಲಲ್ಲಿ ಫೋಟೊ ತೆಗೆಯಬೇಕು. ಆ ಊರೇನು ಲಂಡನ್ನಿನಲ್ಲಿಲ್ಲ. ಆಫೀಸಿನಿಂದ ಜೀಪಿನಲ್ಲಿ ಅರ್ಧ ಗಂಟೆ ದಾರಿ. ಅದಕ್ಕೇ ಆಯಮ್ಮ ಎಲ್ಲಿಗೆ ಅಂತ ಕೇಳುತ್ತಿದ್ದದ್ದು. ಜೀಪು ಆ ಕಡೆ ಹೋಗುವುದಾದರೆ ತನ್ನ ಮನೆಯನ್ನೂ ನೋಡಿಕೊಂಡು ಬರಲಿ ಅಂತ.

‘ಹೊರಟೋರನ್ನ ಹಂಗೆ ಕೇಳಬಾರದು ಅಂತ ಗೊತ್ತಿಲ್ವೇನಮ್ಮ ನಿಂಗೆ?’ ಅಂತ ಒಂದು ದಿನ ರೇಗಿದೆ.

‘ಶಾಸ್ತ್ರ ನಂಗ್ ಹೇಳ್ಕೊಡ್ತೀಯೇನ್ಲಾ? ಒಳ್ಳೆ ಕೆಲ್ಸಕ್ಕೆ ಹೊಂಟೋರ್ನ ಕೇಳಬಾರ್ದು. ನಿಮ್ ಸಾಯೇಬ್ರು ಯಾವ್ ಒಳ್ಳೆ ಕೆಲ್ಸಕ್ಕೆ ಹೊಂಟವ್ರೆ, ಅದನ್ನ ಹೇಳು ಮೊದ್ಲು.’

ಸ್ಟೇರಿಂಗು ಹಿಡಿದವನಿಗೆ ಗೊತ್ತಿಲ್ಲದ್ದು ಏನಿದೆ? ಶಿರಾದಲ್ಲಿ ಸಾಹೇಬರ ಸ್ನೇಹಿತರ ಮಗಳ ಮದುವೆ. ತೋವಿನಕೆರೆ ಕಡೆ ಯಾರದೋ ತೋಟದ ಎಳನೀರು. ಅವರ ಅತ್ತೆಯವರ ಕಣ್ಣಿನ ಪೊರೆ. ಜಿಲ್ಲಾ ಮಟ್ಟದ ಸಭೆ, ಆ ಸಭೆಗೆ ತಯಾರಾಗೋಕೆ ಇನ್ನೊಂದು ಸಭೆ. ಎಲ್ಲದಕ್ಕೂ ಒಂದೇ ಹೆಸರು, ಕ್ಷೇತ್ರ ಭೇಟಿ. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ ನೋಡಿ.

ಸಾಹೇಬರು ಸಾಕಾಗಿ ಹಿಂದಿನ ಗೇಟು ತೆಗೆಸಿದರು. ಮುಳ್ಳು ಬೆಳೆದು, ಚರಂಡಿ ನೀರು ನಿಂತ ಗೇಟು. ಎರಡು ದಿನ ಆರಾಮಾಗಿ ಹೋದೆವು. ಮೂರನೇ ದಿನ ಹೋದರೆ ಆಯಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಆ ಚರಂಡಿಯ ಆಚೆ ನಿಂತಿದ್ದಾಳೆ! ನನಗೆ ಸಿಟ್ಟೂ ಬಂತು, ನಗುವೂ ಬಂತು. ಸಾಹೇಬರು ಸುಮ್ಮನೆ ಇಳಿದು ನೀರು ಕುಡಿಯೋಕೆ ಹೋದರು.

ಇನ್ನೊಂದು ಹೇಳಬೇಕು. ಆಯಮ್ಮನ ಜಂಬ. ಮೈಮೇಲೆ ಒಂದು ಸೀರೆ, ಗಂಟಿನಲ್ಲಿ ಒಂದು ಸೀರೆ, ಆದರೆ ಮಾತು ಕೇಳಿದರೆ ಗೌಡರ ಮನೆ ಯಜಮಾನಿ. ನಾನು ಟೀ ಕೊಡಿಸಿದರೆ ಸೆರಗಿನಿಂದ ಒಂದು ಹಿಡಿ ಹುರಿದ ಕಡ್ಲೆಕಾಯಿ ನನ್ನ ಜೇಬಿಗೆ ಸುರಿಯದೆ ಲೋಟ ಮುಟ್ಟುತ್ತಿರಲಿಲ್ಲ. ಶಾಲೆಯ ಜಗುಲಿಯನ್ನು ಮಕ್ಕಳು ಬರುವ ಮೊದಲೇ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಟ್ಟು, ಆಮೇಲೆ ಬಂದ ಮಕ್ಕಳನ್ನೇ ಬೈಯುತ್ತಿದ್ದಳಂತೆ: ‘ಎಕ್ಕಡ ಕಳಚಿ ಬರ್ರೋ, ಮನೆ ಅನ್ಕೊಂಡಿದ್ದೀರೋ ಏನು ಅನ್ಕೊಂಡಿದ್ದೀರಿ!’ ಬಿದ್ದ ಮನೆಯ ಬಗ್ಗೆ ಮಾತಾಡುವಾಗ ‘ಇತ್ತು’ ಅನ್ನುತ್ತಲೇ ಇರಲಿಲ್ಲ. ನಮ್ಮನೆ ಪಡಸಾಲೆ ತಂಪು. ನಮ್ಮನೆ ಗೂಡಲ್ಲಿ ದೀಪ ಇಟ್ಟರೆ ಬೀದಿಗೆ ಬೆಳಕು. ಹೋಗುವಾಗ ಪ್ರತಿ ಸಲವೂ ನನಗೆ, ‘ಆ ಕಡೀಕ್ ಬಂದ್ರೆ ಮನೆಗ್ ಬಂದೋಗಪ್ಪ’ ಅನ್ನುವಳು.

‘ಯಾವ ಮನೆಗಮ್ಮ?’ ಅಂದೆ ಒಂದು ಸಲ, ತಲೆ ಕೆಟ್ಟು.

‘ನೀ ಬರದು ಬಿಡದು ನಿನ್ನಿಷ್ಟ. ಕರಿಯದು ನನ್ ಧರ್ಮ’ ಅಂದು ಮುಖ ತಿರುಗಿಸಿದಳು. ವಾರದ ತನಕ ನನ್ನ ಜೊತೆ ಮಾತಿಲ್ಲ. ಸಾಹೇಬರನ್ನು ಮಾತ್ರ ತಪ್ಪದೆ ಕೇಳುತ್ತಿದ್ದಳು.

ಹೀಗಿರುವಾಗ ಅಧ್ಯಯನ ಪ್ರವಾಸ ಅಂತ ಒಂದು ಬಂತು. ಮನೆ ಇಲ್ಲದವರಿಗೆ ಬೇರೆ ರಾಜ್ಯದಲ್ಲಿ ಮನೆ ಹೇಗೆ ಕಟ್ಟಿಕೊಡುತ್ತಾರೆ ಅಂತ ನೋಡಿಕೊಂಡು ಬರೋದು. ಸಾಹೇಬರು, ನಮ್ಮ ಎಂಜಿನಿಯರು, ಇನ್ನೊಂದಷ್ಟು ಜನ. ಆ ಊರಲ್ಲಿ ಸಮುದ್ರವೂ ಇತ್ತು ಅನ್ನೋದು ಕಾಕತಾಳೀಯ ಇರಬೇಕು. ವಿಮಾನ ನಿಲ್ದಾಣಕ್ಕೆ ಬಿಡೋಕೆ ಹೊರಟಾಗ ಬಾನೆಟ್ ಮೇಲೆ ಕೈ ಬಿತ್ತು. ಅವತ್ತು ಎಂಜಿನಿಯರಿಗೆ ಖುಷಿ ಜಾಸ್ತಿಯಾಗಿ ಬಾಯಿಬಿಟ್ಟು ಉತ್ತರ ಕೊಟ್ಟರು.

‘ನಿಮ್ಮಂಥೋರಿಗೆ ಮನೆ ಕಟ್ಟೋದನ್ನ ಕಲಿಯೋಕೆ ಹೊರಟಿದೀವಿ ಅಜ್ಜಿ.’

‘ಕಲೀರಪ್ಪ, ಒಳ್ಳೇದು. ನಮ್ಮೂರು ದಾರಿ ಮಗ್ಗುಲಾಗೇ ಐತೆ. ಒಂದು ಗಳಿಗೆ ನಿಲ್ಸಿ ನಮ್ಮನೆ ನೋಡ್ಕೊಂಡು ಹೋಗ್ರಿ.’

‘ಫ್ಲೈಟಿಗೆ ಟೈಮ್ ಆಗುತ್ತಮ್ಮ.’

ಹೋದರು, ಬಂದರು. ಮೂಗಿನ ತುದಿ ಸುಟ್ಟುಕೊಂಡು, ಗೋಡಂಬಿ ಪೊಟ್ಟಣ ಹಿಡಿದುಕೊಂಡು ಬಂದರು. ನನಗೂ ಒಂದು ಕೊಟ್ಟರು. ಆ ಗೋಡಂಬಿ ಗಂಟಲಲ್ಲಿ ಇಳಿಯಲಿಲ್ಲ ಅಂತ ಸುಳ್ಳು ಹೇಳಲ್ಲ. ತಿಂದೆ.

ಅದಾದ ಮೇಲೆ ಆಯಮ್ಮನ ಊರಲ್ಲಿ ಗ್ರಾಮಸಭೆ. ಶಾಲೆಯ ಮೈದಾನದಲ್ಲಿ ಶಾಮಿಯಾನ. ನಾನು ಸಾಹೇಬರನ್ನೂ ಎಂಜಿನಿಯರನ್ನೂ ಕರೆದುಕೊಂಡು ಹೋಗಿ ಜೀಪು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಒಬ್ಬರು ಖರ್ಚುವೆಚ್ಚ ಓದುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಹೆಂಗಸರು ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಆಮೇಲೆ ಬಾಕಿ ಇರುವ ಮನೆ ಅರ್ಜಿಗಳ ವಿಷಯ ಬಂತು. ಎಂಜಿನಿಯರು ಮೈಕು ತೆಗೆದುಕೊಂಡು ಆಯಮ್ಮನ ಹೆಸರು ಓದಿ, ಗಂಟಲು ಸರಿ ಮಾಡಿಕೊಂಡು ಹೇಳಿದರು:

‘ಸ್ಥಳ ಪರಿಶೀಲನೆಗೆ ಭೇಟಿ ನೀಡಿದಾಗ ಅರ್ಜಿದಾರರು ಮನೆಯಲ್ಲಿ ಇರಲಿಲ್ಲ. ಆದ್ದರಿಂದ ಬಾಕಿ.’

ಆಯಮ್ಮ ಎದ್ದು ನಿಂತಳು. ‘ಏನಂದ್ರಿ ಸ್ವಾಮಿ? ಇನ್ನೊಂದ್ ಕಿತ ಹೇಳಿ.’

ಕಿವಿ ಕೇಳಿಸಲಿಲ್ಲ ಅಂದುಕೊಂಡು ಎಂಜಿನಿಯರು ಮೈಕನ್ನು ಬಾಯಿಗೆ ಹತ್ತಿರ ತಂದು ಇನ್ನೂ ಜೋರಾಗಿ ಹೇಳಿದರು. ‘ನೀವು ಮನೆಯಲ್ಲಿ ಇರಲಿಲ್ಲ ಅಜ್ಜಿ!’

‘ಮನೆ ಇತ್ತಾ?’

ಅವರೆಕಾಯಿ ಸುಲಿಯುವ ಕೈಗಳು ನಿಂತವು. ಹಿಂದೆ ಯಾರೋ ಕಿಸಕ್ಕೆಂದರು. ಎಂಜಿನಿಯರಿಗೆ ಇನ್ನೂ ತಿಳಿದಿರಲಿಲ್ಲ ಪಾಪ, ಕೈಯಲ್ಲಿದ್ದ ಹಾಳೆ ತಿರುಗಿಸಿ ನೋಡುತ್ತಿದ್ದರು. ಆಯಮ್ಮ ಬಿಡಲಿಲ್ಲ.

‘ಹೋದ್ ತಿಂಗ್ಳು ಇಮಾನದಾಗೆ ಹೋಗಿದ್ರಲ್ಲ, ಮನೆ ಇಲ್ದೋರ್ನ ನೋಡಾಕೆ. ಸಿಕ್ಕಿದ್ರಾ ಅವ್ರು?’

‘ಸಿಕ್ಕಿದ್ರು ಅಜ್ಜಿ, ತುಂಬಾ ಜನ.’

‘ಎಲ್ಲಿದ್ರು? ಮನೇಲಿದ್ರಾ?’

ಶಾಮಿಯಾನ ಹಾರಿ ಹೋಗುವಂತೆ ನಕ್ಕರು ಜನ. ನಗು ನಿಂತ ಮೇಲೆ ಊರವರಿಗೆ ಸಿಟ್ಟು ಬಂತು. ಯಾವತ್ತು ಬಂದಿದ್ರಿ, ಯಾರ ಮನೇಲಿ ಕೇಳಿದ್ರಿ, ಜೀಪು ಬಂದಿದ್ರೆ ನಮ್ಮ ಕಣ್ಣಿಗೆ ಬೀಳ್ತಿರಲಿಲ್ವಾ ಅಂತ ಶುರುಮಾಡಿದರು. ಸಾಹೇಬರು ಬರುತ್ತಲೇ ಇರ್ತೀವಿ ಅಂದರು. ಆಗ ಒಬ್ಬ ನನ್ನ ಕಡೆ ತಿರುಗಿ ಕೂಗಿದ: ‘ಡ್ರೈವರಣ್ಣ, ನೀನೇ ಹೇಳು. ನಮ್ಮೂರಿಗೆ ಯಾವಾಗ್ ಬಂದಿದ್ದೆ?’

‘ಇವತ್ತೇ ಮೊದಲು. ದಾರಿ ಕೇಳ್ಕೊಂಡು ಬಂದೆ’ ಅಂದುಬಿಟ್ಟೆ. ಬಾಯಿಗೆ ಬಂದದ್ದು ಬಂದುಹೋಯಿತು. ವಾಪಸ್ ಬರುವಾಗ ಸಾಹೇಬರು ಕಿಟಕಿ ಕಡೆ ನೋಡುತ್ತಿದ್ದರು, ನಾನು ರಸ್ತೆ ನೋಡುತ್ತಿದ್ದೆ.

ಯಾರೋ ಅದನ್ನೆಲ್ಲ ಮೊಬೈಲಲ್ಲಿ ಹಿಡಿದಿದ್ದರು. ಸಂಜೆಗೆ ಹೊಳವನಹಳ್ಳಿ ಬಸ್ ಸ್ಟಾಪಿನ ಹೋಟೆಲಲ್ಲಿ ಟೀ ಕುಡಿಯುವಾಗ ಪಕ್ಕದವನ ಫೋನಿನಿಂದ ‘ಮನೇಲಿದ್ರಾ?’ ಅಂತ ಆಯಮ್ಮನ ದನಿ ಕೇಳಿಸಿತು. ಪೇಪರಿನವರು ಬರೆದರು. ಸರ್ಕಾರಿ ವಾಹನ ಎಲ್ಲಿಗೆ ಹೋಗುತ್ತೆ, ಪ್ರವಾಸಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಎಲ್ಲರೂ ಕೇಳೋಕೆ ಶುರುಮಾಡಿದರು. ಮೇಲಿನಿಂದ ವಿಚಾರಣೆ ಬಂತು. ವಾಹನ ದುರ್ಬಳಕೆ ವಿಚಾರಿಸೋಕೆ ಅವರು ಬಂದದ್ದು ಮೂರು ವಾಹನದಲ್ಲಿ. ಮಧ್ಯಾಹ್ನದ ಊಟ ತರೋಕೆ ನನ್ನ ಜೀಪನ್ನೇ ಕಳಿಸಿದರು. ಏನು ಹೇಳೋಣ ಸ್ವಾಮಿ ಇಂಥವರಿಗೆ?

ಆಯಮ್ಮನನ್ನೂ ಕರೆಸಿ ಕುರ್ಚಿ ಹಾಕಿ ಕೇಳಿದರು. ‘ವಾಹನ ದುರುಪಯೋಗ ಆಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತಮ್ಮ?’

‘ನಂಗೇನ್ ಗೊತ್ತು ಸ್ವಾಮಿ? ಎಲ್ಲಿಗೆ ಅಂತ ಕೇಳ್ದೆ. ಯಾರೂ ಹೇಳ್ಲಿಲ್ಲ.’

ಅಷ್ಟೇ ಆಯಮ್ಮನ ಹೇಳಿಕೆ. ಅವರು ಇನ್ನೂ ಏನಾದರೂ ಬರುತ್ತೆ ಅಂತ ಕಾಯುತ್ತಿದ್ದರೆ ಆಯಮ್ಮ ಎದ್ದು ಹೊರಟಳು.

ಒಂದು ಒಳ್ಳೇದಾಯಿತು. ಅಷ್ಟು ವರ್ಷ ಆಗದ ಫೋಟೊ ಮಾರನೇ ದಿನವೇ ಆಯಿತು. ಮನೆ ಮಂಜೂರಾಯಿತು. ಮೊದಲ ಕಂತು ಬಂದು ಪಾಯ ಎದ್ದಿತು. ಊರಿನವರೇ ಕಲ್ಲು ಹೊತ್ತು ಹಾಕಿದರು. ಬಿದ್ದ ಮನೆಯ ತೊಲೆಗಳಿಂದ ಊರ ಆಚಾರಿ ಒಂದು ಬಾಗಿಲ ಚೌಕಟ್ಟು ಮಾಡಿಕೊಟ್ಟ, ಕೆಳಗೆ ದಪ್ಪನೆಯ ಹೊಸ್ತಿಲಿನ ಸಮೇತ. ನಾನು ಬೈಕಲ್ಲಿ ಹೋಗಿ ನೋಡಿ ಬಂದೆ. ಚೌಕಟ್ಟು ಪಾಯದ ಪಕ್ಕ ಪ್ಲಾಸ್ಟಿಕ್ ಹೊದಿಕೆ ಕೆಳಗೆ ಮಲಗಿತ್ತು. ಆಯಮ್ಮ ಹೊದಿಕೆ ಎತ್ತಿ ಹೊಸ್ತಿಲನ್ನು ಮಾತ್ರ ತೋರಿಸಿದಳು. ಎಣ್ಣೆ ಸವರಿ, ಅರಿಶಿನ ಹಚ್ಚಿ, ಕುಂಕುಮ ಇಟ್ಟಿದ್ದಳು. ‘ಇನ್ನೂ ಗೋಡೆ ಎದ್ದಿಲ್ಲ, ಆಗಲೇ ಪೂಜೆನಾ?’ ಅಂದೆ. ‘ನೀ ಸುಮ್ಕಿರಲೇ’ ಅಂದಳು.

ಗೋಡೆ ಏಳಬೇಕಾದರೆ ಎರಡನೇ ಕಂತು ಬರಬೇಕು. ಎರಡನೇ ಕಂತು ಬರಬೇಕಾದರೆ ಎಂಜಿನಿಯರು ಹೋಗಿ ಪಾಯದ ಫೋಟೊ ಅಲ್ಲೇ ನಿಂತು ತೆಗೆಯಬೇಕು. ಅಷ್ಟರಲ್ಲಿ ವಿಚಾರಣೆಯ ಫಲವಾಗಿ ಮೇಲಿನಿಂದ ಆದೇಶ ಬಂತು: ಲಿಖಿತ ಅನುಮತಿ ಇಲ್ಲದೆ ಯಾವ ವಾಹನವೂ ಕಚೇರಿ ಬಿಟ್ಟು ಕದಲಬಾರದು. ಮಿತವ್ಯಯವಂತೆ. ನನ್ನ ಜೀಪು ಶೆಡ್ಡಿಗೆ ಹೋಯಿತು. ಸಾಹೇಬರ ಓಡಾಟ ನಿಂತಿತು ಅಂದುಕೊಂಡಿರಾ? ಅವರಿಗೆ ಬಾಡಿಗೆ ಕಾರು ಬಂತು, ತುರ್ತು ಕೆಲಸದ ಹೆಸರಲ್ಲಿ. ನಿಂತದ್ದು ಪಾಯ ನೋಡೋಕೆ ಹೋಗೋ ಓಡಾಟ ಮಾತ್ರ.

ನಾನು ಎಂಜಿನಿಯರ ಹತ್ತಿರ ಹೋಗಿ, ‘ನನ್ನ ಬೈಕಲ್ಲಿ ಬನ್ನಿ ಸಾರ್, ಮಧ್ಯಾಹ್ನದೊಳಗೆ ವಾಪಸ್ ಬಿಡ್ತೀನಿ’ ಅಂದೆ.

‘ದಾರೀಲಿ ಏನಾದ್ರೂ ಆದ್ರೆ ಯಾರಯ್ಯ ಜವಾಬ್ದಾರಿ? ಅನುಮತಿ ಕೇಳಿ ಬರೆದಿದೀನಿ, ಬರ್ಲಿ.’

‘ನಿಮ್ಮ ಹತ್ರಾನೂ ಬೈಕ್ ಇದೆಯಲ್ಲ ಸಾರ್.’

‘ಅದು ನನ್ನ ಸ್ವಂತದ್ದು’ ಅಂದರು. ಅದಕ್ಕೇನು ಉತ್ತರ ಕೊಡ್ತೀರಿ? ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅಂದರೆ ಆಯಮ್ಮನ ಹತ್ತಿರ ಗೋಡೆಯೂ ಇಲ್ಲ.

ಆಯಮ್ಮ ಮತ್ತೆ ಗೇಟಿಗೆ ಬರತೊಡಗಿದಳು. ಆದರೆ ಹೊರಡೋ ಜೀಪೇ ಇಲ್ಲ, ಯಾರನ್ನು ಕೇಳೋದು? ಶೆಡ್ಡಿನೊಳಗೆ ಬಾನೆಟ್ ಮೇಲೆ ಪಾರಿವಾಳದ ಹಿಕ್ಕೆ ಬಿದ್ದಿತ್ತು. ಆಯಮ್ಮ ಒಂದು ಸಲ ಅದರ ಹತ್ತಿರ ಹೋಗಿ ನಿಂತು, ಸೆರಗಿನಿಂದ ಒರೆಸಿ, ಹಾಗೇ ನಿಂತುಬಿಟ್ಟಳು. ಏನು ಮಾಡಬೇಕು ಅಂತ ಆ ಹೆಂಗಸಿಗೆ ತಿಳಿಯದೆ ನಿಂತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

‘ನಾನು ಕೇಳ್ದೇ ಇದ್ದಿದ್ರೇ ಸರಿಯಾಗ್ತಿತ್ತೇನೋ ಕಣಪ್ಪ’ ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು, ಆಯಮ್ಮನ ಮೇಲೇ ಬಿತ್ತು. ‘ಹುಚ್ಚುಚ್ಚಾಗಿ ಮಾತಾಡ್ಬೇಡ! ನೀನು ಕೇಳಿದ್ದು ಸರಿ. ಸಾವಿರ ಸಲ ಸರಿ. ನೀನಲ್ಲದೆ ಇನ್ಯಾರು ಕೇಳಿದ್ರು ಈ ತಾಲ್ಲೂಕಲ್ಲಿ?’

‘ಪೋನೀಲೇ’ ಅಂದಳು, ಹೋಗಲಿ ಬಿಡು ಅಂತ. ತೆಲುಗಿನಲ್ಲಿ ಅಂದಳು, ಆದರೆ ಸಿಟ್ಟಿರಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಆ ಊರ ಮೇಷ್ಟ್ರು ಫೋನು ಮಾಡಿದರು. ಶಾಲೆ ಬಾಗಿಲು ತೆಗೆಯೋಕೆ ಬಂದರೆ ಜಗುಲಿ ಗುಡಿಸಿರಲಿಲ್ಲವಂತೆ. ಆಯಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳಂತೆ. ನಾನು ಅನುಮತಿ ಗಿನುಮತಿ ಏನೂ ಕೇಳದೆ ಬೈಕ್ ಹತ್ತಿದೆ.

ಹೋಗುವಷ್ಟರಲ್ಲಿ ಮಕ್ಕಳನ್ನು ಮನೆಗೆ ಕಳಿಸಿದ್ದರು. ಹೆಣ ಜಗುಲಿಯಲ್ಲೇ ಇತ್ತು. ಎಲ್ಲಿ ಇಡೋದು ಅಂತ ಊರೆಲ್ಲ ನೆಲ ನೋಡುತ್ತಾ ನಿಂತಿತ್ತು. ಶಾಲೆಯಿಂದ ಎತ್ತೋ ಹಾಗಿಲ್ಲ. ದೇವಸ್ಥಾನದ ಮುಂದೆ ಇಡೋ ಹಾಗಿಲ್ಲ. ಮೈದುನನ ಮಗನ ಹೆಂಡತಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು, ಅದು ನಾಟಕವಲ್ಲ, ನಿಜವಾದ ಅಳು. ಆದರೂ ‘ನಮ್ಮನೆಗೆ ತನ್ನಿ’ ಅನ್ನೋ ಮಾತು ಅವಳ ಬಾಯಲ್ಲಿ ಬರಲಿಲ್ಲ. ಅವಳನ್ನು ಏನಂತ ಬೈಯಲಿ? ಬೈಯಬೇಕಾದವರು ಯಾರೂ ಅಲ್ಲಿರಲಿಲ್ಲ.

ಕೊನೆಗೆ ಆಚಾರಿಯೇ ಬಾಯಿಬಿಟ್ಟ. ‘ಆಯಮ್ಮಂದು ಅಂತ ಪಾಯ ಐತಲ್ಲ. ಅಲ್ಲಿಗ್ ತಕಂಡ್ ನಡೀರಿ.’

ಪಾಯದ ನಡುವೆ ಚಾಪೆ ಹಾಸಿ ಮಲಗಿಸಿದೆವು. ತಲೆಯ ಹತ್ತಿರ ದೀಪ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ನೀರು ಹಾಕಿ, ಹೂವು ಹಾಕಿ, ಚಟ್ಟಕ್ಕೆ ಕಟ್ಟಿ, ಇನ್ನೇನು ಎತ್ತಬೇಕು, ಒಬ್ಬ ಮುದುಕ ಕೈ ಅಡ್ಡ ಹಿಡಿದ. ‘ಹೊಸ್ಲು?’ ಅಂದ.

ಆಚಾರಿ ಹೋಗಿ ಪ್ಲಾಸ್ಟಿಕ್ ಹೊದಿಕೆ ಕಿತ್ತೆಸೆದ. ನಾವು ನಾಲ್ಕು ಜನ ಸೇರಿ ಚೌಕಟ್ಟನ್ನು ಎತ್ತಿ ತಂದು, ಬಾಗಿಲು ಬರಬೇಕಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದೆವು. ಆ ಕಡೆ ಇಬ್ಬರು, ಈ ಕಡೆ ಆಚಾರಿ ಮತ್ತು ನಾನು. ‘ವಾಲ್ತಾ ಐತೆ, ನೆಟ್ಗ್ ಹಿಡ್ಕಳ್ರೋ’ ಅಂದರು ಯಾರೋ. ನೆಟ್ಟಗೆ ಹಿಡಿದೆವು. ಹೊತ್ತವರು ತಲೆ ಬಗ್ಗಿಸಿ, ಒಬ್ಬೊಬ್ಬರಾಗಿ ಕಾಲೆತ್ತಿ ಹೊಸ್ತಿಲು ದಾಟಿ, ಆಯಮ್ಮನನ್ನು ಅವಳ ಮನೆಯಿಂದ ಆಚೆಗೆ ತಂದರು.

ತಮಟೆ ಹೊಡೆಯುತ್ತಾ ಜನ ಮುಂದಕ್ಕೆ ಹೋದರು. ಸುತ್ತ ಗೋಡೆಯಿಲ್ಲ, ಕೈ ಬಿಟ್ಟರೆ ಬಾಗಿಲು ಬೀಳುತ್ತೆ. ಇಳಿಸೋಣ ಅಂತ ನಮ್ಮಲ್ಲಿ ಯಾರೂ ಅನ್ನಲಿಲ್ಲ. ತಮಟೆಯ ಸದ್ದು ಕೆರೆ ಏರಿ ದಾಟಿ ಕೇಳಿಸದಾದ ಮೇಲೂ ನಾಲ್ಕು ಜನ ಅದನ್ನು ಹಿಡಿದುಕೊಂಡೇ ನಿಂತಿದ್ದೆವು.